ಎಲ್ಲರಿಗೂ ಸೇರಿದ ಏಕಾಂತ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆ ಸುಮಾರು ಹನ್ನೊಂದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ. ಇಕ್ಕೆಲದಲ್ಲೂ ನೆಟ್ಟಗೆ ಎದ್ದು ನಿಂತ ಗ್ರಾನೈಟ್ ಗೋಡೆಗಳು, ನಡುವೆ ಮರ್ಸೆಡ್ ನದಿ. ಈ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ಹೆಚ್ಚುಕಡಿಮೆ 40 ಲಕ್ಷ ಜನ ಬರುತ್ತಾರೆ. 2016ರಲ್ಲಿ ಆ ಸಂಖ್ಯೆ 50 ಲಕ್ಷ ದಾಟಿತ್ತು. ಉದ್ಯಾನ ಎಷ್ಟೇ ದೊಡ್ಡದಿದ್ದರೂ ಬಂದವರಲ್ಲಿ ಬಹುಪಾಲು ಮಂದಿ ಸೇರುವುದು ಈ ಕಿರಿದಾದ ಕಣಿವೆಯಲ್ಲೇ. ಬೇಸಿಗೆಯಲ್ಲಿ ಅಪ್ಪರ್ ಪೈನ್ಸ್ ಎಂಬ ಬಿಡಾರತಾಣದ ಇನ್ನೂರಕ್ಕೂ ಹೆಚ್ಚು ಜಾಗಗಳು ಒಂದೂ ಬಿಡದೆ ತುಂಬಿರುತ್ತವೆ. ರಾತ್ರಿ ಪಕ್ಕದ ಟೆಂಟಿನಲ್ಲಿ ಮಗು ಕೆಮ್ಮಿದರೆ ಈಚೆಯವರಿಗೆ ಎಚ್ಚರವಾಗುತ್ತದೆ. ಇವರಲ್ಲಿ ಹೆಚ್ಚಿನವರು ಊರಿನ ಗದ್ದಲ ಬಿಟ್ಟು ಒಂದಿಷ್ಟು ಹೊತ್ತು ತಮ್ಮಷ್ಟಕ್ಕೆ ತಾವಿರಬೇಕೆಂದು ಬಂದವರು.

ಇದನ್ನು ಆಡಳಿತದ ತೊಡಕು ಎಂದು ನೋಡುವುದು ರೂಢಿ. ವಾಹನಗಳೆಷ್ಟು, ಶೌಚಾಲಯಗಳೆಷ್ಟು, ಮುಂಗಡ ಕಾದಿರಿಸುವಿಕೆ ಹೇಗೆ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಅದರ ಬುಡದಲ್ಲಿ ಇನ್ನೂ ಹಳೆಯ ಪ್ರಶ್ನೆಯೊಂದಿದೆ. ಒಬ್ಬಂಟಿಯಾಗಿ ನಿಂತಾಗಲೇ ದೊರೆಯುವಂಥದ್ದು ಎಂದು ಬಗೆದ ಅನುಭವವನ್ನು ಎಲ್ಲರ ಹಕ್ಕು ಎಂದು ಸಾರಿದರೆ ಆ ಅನುಭವ ಉಳಿಯುತ್ತದೆಯೇ? ಉಳಿಯದು ಎನ್ನುವುದಾದರೆ ಅದನ್ನು ಯಾರಿಗೆ ಉಳಿಸಬೇಕು, ಯಾರಿಗೆ ಇಲ್ಲವೆನ್ನಬೇಕು?

ಕಾಡಿನಲ್ಲಿ ಡೇರೆ ಹಾಕಿ ಮಲಗುವುದು ಆತ್ಮಕ್ಕೆ ಒಳ್ಳೆಯದು ಎಂಬ ನಂಬಿಕೆ ಅಮೆರಿಕದಲ್ಲಿ ಜನಪ್ರಿಯವಾಗುವಲ್ಲಿ ಒಬ್ಬ ಪಾದ್ರಿಯ ಕೈವಾಡ ದೊಡ್ಡದು. ಬಾಸ್ಟನ್ನಿನ ಪಾರ್ಕ್ ಸ್ಟ್ರೀಟ್ ಚರ್ಚಿನ ವಿಲಿಯಂ ಎಚ್. ಎಚ್. ಮರ್ರಿ 1869ರಲ್ಲಿ ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳ ಬಗ್ಗೆ ಪುಸ್ತಕ ಬರೆದ. ಪಟ್ಟಣದಲ್ಲಿ ಬಳಲಿದ ದೇಹ, ದಣಿದ ಮನಸ್ಸು ಎರಡಕ್ಕೂ ಅಲ್ಲಿ ಮದ್ದಿದೆ ಎಂದು ಬೋಧಿಸಿದ. ಪುಸ್ತಕ ಓದಿದ ಜನ ಅದೇ ಬೇಸಿಗೆಯಲ್ಲಿ ಹಿಂಡುಹಿಂಡಾಗಿ ನುಗ್ಗಿದರು. ಉಳಿಯಲು ಜಾಗ ಸಾಲದೆ, ಸೊಳ್ಳೆ ಮಳೆಗಳಲ್ಲಿ ನೊಂದು ಹಿಂದಿರುಗಿದವರಿಗೆ ಪತ್ರಿಕೆಗಳು ಮರ್ರಿಯ ಮೂರ್ಖರು ಎಂದು ಅಡ್ಡಹೆಸರಿಟ್ಟವು. ಏಕಾಂತಕ್ಕೆ ಕರೆ ಕೊಟ್ಟದ್ದೇ ಜಾತ್ರೆಗೆ ಕಾರಣವಾಯಿತು. ಈಗ ಯೊಸೆಮಿಟಿಯಲ್ಲಿ ಕಾಣುವ ಬಿಕ್ಕಟ್ಟು ಕಾರುಗಳ ಕಾಲದ್ದಲ್ಲ, ಈ ನಂಬಿಕೆಯ ಜೊತೆಗೇ ಹುಟ್ಟಿದ್ದು.

ಯೊಸೆಮಿಟಿಗೆ ಈ ನಂಬಿಕೆಯನ್ನು ಗಾಢವಾಗಿ ಬೆಸೆದವನು ಜಾನ್ ಮ್ಯೂರ್. 1838ರಲ್ಲಿ ಸ್ಕಾಟ್ಲೆಂಡಿನ ಡನ್‌ಬಾರ್‌ನಲ್ಲಿ ಹುಟ್ಟಿದ ಅವನಿಗೆ ತಂದೆ ಕಟ್ಟುನಿಟ್ಟಿನ ಧರ್ಮಶಿಕ್ಷಣ ಕೊಟ್ಟಿದ್ದ. ಹನ್ನೊಂದನೆಯ ವಯಸ್ಸಿಗೆ ಹೊಸ ಒಡಂಬಡಿಕೆ ಪೂರ್ತಿಯಾಗಿ, ಹಳೆಯದರ ಮುಕ್ಕಾಲು ಭಾಗ ಬಾಯಿಪಾಠವಾಗಿತ್ತೆಂದು, ಅದರಲ್ಲಿ ಏಟುಗಳ ಪಾಲೂ ಇತ್ತೆಂದು ಅವನೇ ಬರೆದುಕೊಂಡಿದ್ದಾನೆ. 1868ರಲ್ಲಿ ಯೊಸೆಮಿಟಿಗೆ ಬಂದ ಮೇಲೆ ಆ ಶ್ರದ್ಧೆ ಚರ್ಚಿನಿಂದ ಬಂಡೆಗೆ, ಮರಕ್ಕೆ, ನೀರ್ಗಲ್ಲಿಗೆ ವರ್ಗವಾಯಿತು. ಇದೇ ಉದ್ಯಾನದ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟಲು ಹೊರಟಾಗ, ಅದು ದೇವಾಲಯಗಳನ್ನೇ ನೀರಿನ ತೊಟ್ಟಿ ಮಾಡಿದಂತೆ ಎಂದು ಅವನು ವಾದಿಸಿದ್ದು ಬರಿಯ ಮಾತಿನ ಚಮತ್ಕಾರವಲ್ಲ. ಅಕ್ಷರಶಃ ಅದೇ ಅವನ ನಂಬಿಕೆ. 1913ರಲ್ಲಿ ಅಣೆಕಟ್ಟಿಗೆ ಕಾನೂನಿನ ಒಪ್ಪಿಗೆ ಸಿಕ್ಕಿತು, ಮರುವರ್ಷ ಅವನು ತೀರಿಕೊಂಡ.

ಅವನ ಧರ್ಮದ ಆಕಾರವನ್ನು ಗಮನಿಸಬೇಕು. ಪ್ರೊಟೆಸ್ಟೆಂಟ್ ಸಂಪ್ರದಾಯದಲ್ಲಿ ದೇವರ ಎದುರು ಮನುಷ್ಯ ಒಬ್ಬನೇ ನಿಲ್ಲಬೇಕು, ನಡುವೆ ಪುರೋಹಿತ ಇರಕೂಡದು. ದೇವರ ಜಾಗದಲ್ಲಿ ನಿಸರ್ಗ ಬಂದರೂ ಈ ಏರ್ಪಾಡು ಬದಲಾಗಲಿಲ್ಲ. ಬೆಟ್ಟದ ಎದುರು ನಿಂತವನ ಪಕ್ಕದಲ್ಲಿ ಇನ್ನೊಬ್ಬ ಬಂದು ನಿಂತರೆ ಅವನು ಸಹಭಕ್ತನಾಗುವುದಿಲ್ಲ, ಅಡ್ಡಿಯಾಗುತ್ತಾನೆ. ಪಂಢರಪುರಕ್ಕೆ ನಡೆಯುವ ವಾರಕರಿಗೆ, ಮಾದಪ್ಪನ ಬೆಟ್ಟ ಹತ್ತುವ ಒಕ್ಕಲಿಗೆ ಜೊತೆಯ ಜನಜಂಗುಳಿಯೇ ಪುಣ್ಯದ ಭಾಗ. ನೂಕುನುಗ್ಗಲಿನಿಂದ ದೇವರು ಮಂಕಾದನೆಂದು ಅವರು ಹೇಳುವುದಿಲ್ಲ. ಅಮೆರಿಕದ ಉದ್ಯಾನಗಳ ದಟ್ಟಣೆಯ ಬಗೆಗಿನ ದೂರುಗಳಲ್ಲಿ ಎಷ್ಟು ನಿಸರ್ಗಪ್ರೀತಿ, ಎಷ್ಟು ಈ ನಿರ್ದಿಷ್ಟ ಧರ್ಮದ ಹಂಗು ಎಂದು ಬಿಡಿಸಿ ನೋಡಬೇಕಾದದ್ದು ಇದಕ್ಕಾಗಿ.

ಮ್ಯೂರ್‌ನ ಕಾಲದಲ್ಲೂ ಆ ಏಕಾಂತ ಹೇಳಿಕೊಂಡಷ್ಟು ಒಂಟಿಯಾಗಿರಲಿಲ್ಲ. 1871ರಲ್ಲಿ ಅವನ ಗುರುಸಮಾನನಾದ ಚಿಂತಕ ಎಮರ್ಸನ್ ಬಂದಾಗ, ಮಾರಿಪೋಸಾದ ದೈತ್ಯ ಸಿಕೋಯಾ ಮರಗಳ ಕೆಳಗೆ ಜೊತೆಯಲ್ಲಿ ಮಲಗೋಣವೆಂದು ಮ್ಯೂರ್ ಅಂಗಲಾಚಿದ. ಅರವತ್ತೇಳರ ಹಿರಿಯರಿಗೆ ಶೀತವಾದೀತೆಂದು ಸಂಗಡಿಗರು ಬಿಡಲಿಲ್ಲ. ಪ್ರಕೃತಿಯಲ್ಲಿ ಒಬ್ಬಂಟಿಯಾಗಿರುವುದರ ಮಹಿಮೆಯನ್ನು ಒಂದು ಇಡೀ ದೇಶಕ್ಕೆ ಕಲಿಸಿದವನು ಆ ರಾತ್ರಿ ಸೂರಿನಡಿ ಮಲಗಿದ. 1903ರ ಮೇ ತಿಂಗಳಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮ್ಯೂರ್‌ನ ಜೊತೆ ಮೂರು ರಾತ್ರಿ ಬಯಲಲ್ಲಿ ಕಳೆದ ಪ್ರಸಂಗ ಉದ್ಯಾನಗಳ ಇತಿಹಾಸದಲ್ಲಿ ಪುರಾಣವೇ ಆಗಿಬಿಟ್ಟಿದೆ. ಆ ಸಂದರ್ಭದ ಚಿತ್ರದಲ್ಲಿ ಕಾಣುವವರು ಇಬ್ಬರೇ. ಅಡುಗೆಗೆ, ಕುದುರೆಗಳಿಗೆ, ಸಾಮಾನು ಸಾಗಿಸುವುದಕ್ಕೆ ಜೊತೆಗಾರರಿದ್ದರು, ಕಣಿವೆಯಲ್ಲಿ ಅಧ್ಯಕ್ಷರನ್ನು ನೋಡಲು ನೆರೆದ ಜನರನ್ನು ದೂರವಿಡಲಾಗಿತ್ತು. ಆ ಏಕಾಂತ ಸುಳ್ಳೆಂದಲ್ಲ. ಬೇರೆಯವರ ದುಡಿಮೆ ಮತ್ತು ಬೇರೆಯವರ ಗೈರುಹಾಜರಿ ಎರಡೂ ಸೇರಿ ಅದು ಸಾಧ್ಯವಾಗಿತ್ತು.

ಇದಕ್ಕೆ ಪ್ರತಿಯಾದ ಇನ್ನೊಂದು ವಿಚಾರಧಾರೆ ಯೊಸೆಮಿಟಿಯ ಆರಂಭದಲ್ಲೇ ಇತ್ತು. 1864ರಲ್ಲಿ ಅಂತರ್ಯುದ್ಧದ ನಡುವೆ ಲಿಂಕನ್ ಸಹಿ ಹಾಕಿದ ಕಾಯಿದೆ ಈ ಕಣಿವೆಯನ್ನು ಸಾರ್ವಜನಿಕ ಉಪಯೋಗಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಒಪ್ಪಿಸಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮರುವರ್ಷ ಅದರ ಮೇಲೊಂದು ವರದಿ ಬರೆದ. ಯುರೋಪಿನಲ್ಲಿ ಚೆಂದದ ತಾಣಗಳೆಲ್ಲ ಸಿರಿವಂತರ ಬೇಲಿಯೊಳಗಿವೆ. ದುಡಿಯುವ ಜನರಿಗೂ ಅವು ಬೇಕು, ಅವನ್ನು ಅವರಿಗೆ ತೆರೆದಿಡುವುದು ಪ್ರಜಾಸತ್ತೆಯ ಕರ್ತವ್ಯ ಎಂಬುದು ಅವನ ವಾದ. ಮುಂದೊಂದು ದಿನ ಲಕ್ಷಗಟ್ಟಲೆ ಜನ ಬಂದಾರೆಂದು ಅವನು ಆಗಲೇ ಅಂದಾಜಿಸಿ, ಒಬ್ಬನ ಅನುಕೂಲ ಮುಂದಿನವನ ಪಾಲನ್ನು ಕಸಿಯದಂತೆ ನಿಯಮಗಳು ಬೇಕೆಂದಿದ್ದ. ಅವನ ವರದಿ ಮೂಲೆಗೆ ಬಿದ್ದು, ಬೆಳಕಿಗೆ ಬಂದದ್ದು ಹೆಚ್ಚುಕಡಿಮೆ ತೊಂಬತ್ತು ವರ್ಷದ ಮೇಲೆ. 1916ರ ಉದ್ಯಾನ ಸೇವೆಯ ಕಾಯಿದೆಯಲ್ಲಿ ಈ ಎರಡು ಧಾರೆಗಳೂ ಒಂದೇ ವಾಕ್ಯದಲ್ಲಿ ಸೇರಿವೆ: ಜನ ಅನುಭವಿಸಬೇಕು, ಮುಂದಿನ ಪೀಳಿಗೆಗೆ ಕುಂದಿಲ್ಲದೆ ಉಳಿಯಬೇಕು. ಮ್ಯೂರ್ ಮತ್ತು ಓಮ್‌ಸ್ಟೆಡ್‌ರಲ್ಲಿ ಒಬ್ಬರನ್ನೇ ಆರಿಸಬೇಕೆಂದರೆ ಓಮ್‌ಸ್ಟೆಡ್‌ನ ಕಡೆಗೆ ನ್ಯಾಯದ ತೂಕ ಹೆಚ್ಚಿದೆ. ಆದರೆ ಮ್ಯೂರ್ ಕಂಡದ್ದು ಇಲ್ಲದೆ ಹೋದರೆ ಓಮ್‌ಸ್ಟೆಡ್ ಹಂಚಲು ಹೊರಟದ್ದಾದರೂ ಏನು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಈ ತತ್ತ್ವಚರ್ಚೆ ನೆಲದ ಮೇಲೆ ಹೇಗೆ ಮೂಡಿದೆ ಎಂಬುದನ್ನು ಬಿಡಾರದ ಒಂದು ಜಾಗವನ್ನೇ ಹತ್ತಿರದಿಂದ ನೋಡಿ ತಿಳಿಯಬಹುದು. 1913ರಲ್ಲಿ ಕಾರುಗಳಿಗೆ ಕಣಿವೆಯ ಬಾಗಿಲು ತೆರೆದ ಮೇಲೆ ಜನ ಹುಲ್ಲುಗಾವಲಿನಲ್ಲಿ, ಮರದ ಬುಡದಲ್ಲಿ, ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಡೇರೆ ಹಾಕುತ್ತಿದ್ದರು. ಚಕ್ರ ಮತ್ತು ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗಿ ಬೇರುಗಳಿಗೆ ನೀರು, ಗಾಳಿ ಇಳಿಯದೆ ಮರಗಳು ಸೊರಗುತ್ತವೆಂದು ತೋರಿಸಿಕೊಟ್ಟವನು ಸಸ್ಯರೋಗ ತಜ್ಞ ಎಮಿಲಿಯೋ ಮೈನೆಕೆ. 1932ರಲ್ಲಿ ಅವನು ಸೂಚಿಸಿದ ವಿನ್ಯಾಸ ಈಗಲೂ ಅಮೆರಿಕದ ಉದ್ಯಾನಗಳಲ್ಲೆಲ್ಲ ನಡೆಯುತ್ತಿದೆ. ಒಂದೇ ದಿಕ್ಕಿಗೆ ಹೋಗುವ ಬಳಸುದಾರಿ, ಅದರಿಂದ ಓರೆಯಾಗಿ ಕವಲೊಡೆದ ಗಾಡಿ ಕಟ್ಟೆ, ಅಲ್ಲಾಡಿಸಲಾಗದ ಮೇಜು, ಅಲ್ಲಾಡಿಸಲಾಗದ ಒಲೆ. ಸ್ವಾತಂತ್ರ್ಯ ಅರಸಿ ಬಂದವನಿಗೆ ಒಲೆಯನ್ನು ಆಚೀಚೆ ಸರಿಸುವ ಸ್ವಾತಂತ್ರ್ಯವೂ ಇಲ್ಲ. ಆದರೆ ಅವನ ನೆತ್ತಿಯ ಮೇಲೆ ಈ ಹೊತ್ತು ಮರ ನಿಂತಿದ್ದರೆ ಅದು ಹಿಂದೆ ಬಂದವರು ಆ ಒಲೆಯನ್ನು ಸರಿಸಲಾಗದ ಕಾರಣಕ್ಕೆ.

ಪ್ರತಿ ಜಾಗದಲ್ಲೂ ಕಂದುಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ತಿನ್ನುವ ಪದಾರ್ಥವಷ್ಟೇ ಅಲ್ಲ, ಸೋಪು, ಟೂತ್‌ಪೇಸ್ಟ್, ಮಗುವಿನ ಕ್ರೀಮು, ಖಾಲಿ ಬಾಟಲಿ, ವಾಸನೆ ಇರುವುದೆಲ್ಲ ಅದರೊಳಗೆ ಸೇರಿ ಚಿಲಕ ಬೀಳಬೇಕು. ಸಿಲಿಕಾನ್ ವ್ಯಾಲಿಯಿಂದ ವಾರಾಂತ್ಯಕ್ಕೆ ಬರುವ ಕನ್ನಡ ಕುಟುಂಬದ ಉಪ್ಪಿನಕಾಯಿ ಜಾಡಿಗೂ ಅಲ್ಲೇ ಜಾಗ. ಕರಡಿಗಳು ಕಾರಿನ ಬಾಗಿಲನ್ನು ಮೇಲಿನಿಂದ ಬಗ್ಗಿಸಿ ತೆರೆಯುವುದನ್ನು ಕಲಿತಿವೆ. 1998ರಲ್ಲಿ ಯೊಸೆಮಿಟಿಯಲ್ಲಿ ಕರಡಿ ದಾಂದಲೆಯ ಸಾವಿರದ ಐನೂರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಪೆಟ್ಟಿಗೆಗಳು ಹೆಚ್ಚಿ, ನಿಯಮ ಬಿಗಿಯಾದ ಮೇಲೆ ಅದು ತೀರ ಇಳಿದಿದೆ. ಇಲ್ಲಿನ ನೈತಿಕ ಸೂಕ್ಷ್ಮ ಗಮನಾರ್ಹ. ಬಿಡಾರದವನು ಮರೆತು ಹೊರಗಿಟ್ಟ ಊಟದ ಬೆಲೆಯನ್ನು ಅವನು ತೆರುವುದಿಲ್ಲ. ಮನುಷ್ಯರ ಊಟದ ರುಚಿ ಹತ್ತಿ, ಅಂಜಿಕೆ ಬಿಟ್ಟ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಆ ಹೊತ್ತಿಗೆ ಊಟ ಮರೆತವನು ತನ್ನೂರಿಗೆ ಮರಳಿರುತ್ತಾನೆ. ತನಗೆ ಎಂದೂ ಕಾಣದ ಫಲಕ್ಕೆ ತಾನು ಹೊಣೆ ಎಂದು ನಂಬಿ ನಡೆಯುವುದನ್ನು ಕರ್ಮಸಿದ್ಧಾಂತವೂ ಕೇಳುತ್ತದೆ, ಈ ಪೆಟ್ಟಿಗೆಯೂ ಕೇಳುತ್ತದೆ.

ಆರ್‌ವಿ ಎಂಬ ಮನೆಗಾಡಿಯ ಸುತ್ತ ಹಳೆಯ ವೈರಾಗ್ಯ-ಭೋಗಗಳ ವಾದವೇ ಹೊಸ ವೇಷದಲ್ಲಿ ನಡೆದಿದೆ. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವನ್ನೂ ಹೊತ್ತು ತಂದವನು ಕಾಡಿಗೆ ಬಂದದ್ದಾದರೂ ಏಕೆ ಎಂದು ಟೆಂಟಿನವರು ಕೇಳುತ್ತಾರೆ. ಎಡ್ವರ್ಡ್ ಆಬಿ 1968ರ ತನ್ನ ‘ಡೆಸರ್ಟ್ ಸಾಲಿಟೇರ್’ ಪುಸ್ತಕದಲ್ಲಿ ಉದ್ಯಾನಗಳಿಗೆ ಖಾಸಗಿ ವಾಹನವೇ ಬೇಡ, ನಡೆದೋ ಕುದುರೆಯೇರಿಯೋ ಸೈಕಲ್ ತುಳಿದೋ ಬನ್ನಿ ಎಂದು ವಾದಿಸಿದ. ಶ್ರಮಪಟ್ಟಷ್ಟೂ ಕಾಣ್ಕೆ ಆಳವಾಗುತ್ತದೆಂಬ ಅವನ ಮಾತಿನಲ್ಲಿ ಸತ್ಯವಿದೆ. ಆದರೆ ಶ್ರಮವನ್ನು ಪ್ರವೇಶದ ಅರ್ಹತೆ ಮಾಡಿದ ಕೂಡಲೇ ಮಂಡಿನೋವಿನ ಅಜ್ಜಿ, ಗಾಲಿಕುರ್ಚಿಯ ಯುವಕ, ಡಯಾಲಿಸಿಸ್‌ಗೆ ಯಂತ್ರ ಜೊತೆಗಿಟ್ಟುಕೊಳ್ಳಬೇಕಾದವರು ಹೊರಗುಳಿಯುತ್ತಾರೆ. ತಪಸ್ಸನ್ನು ತಾನು ಕೈಗೊಳ್ಳಬಹುದೇ ಹೊರತು ಇನ್ನೊಬ್ಬನಿಗೆ ವಿಧಿಸುವಂತಿಲ್ಲ. ಯೊಸೆಮಿಟಿ ಹಿಡಿದಿರುವ ದಾರಿ ಮಧ್ಯದ್ದು. ಮನೆಗಾಡಿ ಬರಬಹುದು, ಆದರೆ ಉದ್ದಕ್ಕೆ ಮಿತಿಯುಂಟು. ಬಿಡಾರತಾಣದಲ್ಲಿ ವಿದ್ಯುತ್ತಿನ, ನೀರಿನ ನೇರ ಸಂಪರ್ಕ ಇಲ್ಲ. ಜನರೇಟರನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೊತ್ತುಪಡಿಸಿದ ಎರಡೆರಡು ಗಂಟೆ ಮಾತ್ರ ಓಡಿಸಬಹುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೌನ.

ಆ ಮೌನ ತಾನಾಗಿ ಬರುವುದಲ್ಲ. ನೂರಾರು ಕುಟುಂಬಗಳು ಬಾಗಿಲನ್ನು ಮೆಲ್ಲಗೆ ಹಾಕಿ, ದೀಪ ತಗ್ಗಿಸಿ, ಮಕ್ಕಳನ್ನು ಸುಮ್ಮನಿರಿಸಿ ಅದನ್ನು ಉಂಟುಮಾಡಬೇಕು. ನಿರ್ಜನ ಕಾಡಿನ ನಿಶ್ಶಬ್ದಕ್ಕೆ ಯಾರ ಋಣವೂ ಇಲ್ಲ. ಇಲ್ಲಿನ ನಿಶ್ಶಬ್ದದಲ್ಲಿ ಪ್ರತಿಯೊಬ್ಬನೂ ಮಿಕ್ಕವರೆಲ್ಲರಿಗೂ ಋಣಿ. ಇದನ್ನು ಕೈಲಾಗದವರ ಸಮಾಧಾನ ಎಂದು ಕಡೆಗಣಿಸುವುದು ತಪ್ಪು. ನಾಲ್ಕನೆಯ ಶತಮಾನದ ಈಜಿಪ್ಟಿನಲ್ಲಿ ಕ್ರೈಸ್ತ ವಿರಕ್ತರು ಲೋಕ ಬಿಟ್ಟು ಮರುಭೂಮಿಗೆ ಹೋದಾಗಲೂ ಇದೇ ಆಯಿತು. ಹೋದವರು ಎಷ್ಟಾದರೆಂದರೆ ಮರುಭೂಮಿಯೇ ಊರಾಯಿತೆಂದು ಅಂದಿನವರು ಬರೆದರು. ನಿಟ್ರಿಯಾದ ಸಂದಣಿ ತಾಳದೆ ಕೆಲವರು ಮತ್ತಷ್ಟು ಒಳಕ್ಕೆ ಹೋಗಿ ಕೆಲ್ಲಿಯಾ ಎಂಬ ನೆಲೆ ಹೂಡಿದರು. ಅಲ್ಲಿ ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳಿಸದಷ್ಟು ದೂರದಲ್ಲಿ ಗುಡಿಸಲು, ವಾರದ ಕೊನೆಗೆ ಎಲ್ಲರೂ ಕೂಡಿ ಪ್ರಾರ್ಥನೆ, ಊಟ. ಅವರ ಪಾಲಿಗೆ ಏಕಾಂತ ಎಂದರೆ ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದು. ಭಗವದ್ಗೀತೆಯೂ ವಿವಿಕ್ತ ದೇಶವನ್ನು, ಜನಜಂಗುಳಿಯಲ್ಲಿ ಆಸಕ್ತಿ ಇಲ್ಲದಿರುವುದನ್ನು ಜ್ಞಾನದ ಲಕ್ಷಣಗಳಲ್ಲಿ ಎಣಿಸುತ್ತದೆ. ಆದರೆ ಅದನ್ನು ಹೇಳುವುದು ಎರಡು ಸೇನೆಗಳ ನಡುವೆ ನಿಲ್ಲಿಸಿದ ರಥದಲ್ಲಿ.

ಹಂಚಿಕೆಯ ಪ್ರಶ್ನೆ ಇದಕ್ಕಿಂತ ಕಠಿಣ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಸಾಮೂಹಿಕ ಸಂಪತ್ತಿನ ದುರಂತದ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಯೊಸೆಮಿಟಿ ಕಣಿವೆಯ ಹೆಸರು ಹಿಡಿದೇ ಹೇಳಿದ್ದಾನೆ: ಜನಸಂಖ್ಯೆ ಬೆಳೆಯುತ್ತದೆ, ಕಣಿವೆ ಬೆಳೆಯುವುದಿಲ್ಲ. ಅವನು ಕೊಡುವ ಆಯ್ಕೆಗಳಲ್ಲಿ ಖಾಸಗಿಯವರಿಗೆ ಮಾರುವುದುಂಟು, ಹೆಚ್ಚು ಹಣ ಕೊಟ್ಟವರಿಗೆ ಹರಾಜು ಹಾಕುವುದುಂಟು, ಅರ್ಹತೆ ನೋಡುವುದು, ಚೀಟಿ ಎತ್ತುವುದು, ಮೊದಲು ಬಂದವರಿಗೆ ಕೊಡುವುದೂ ಉಂಟು. ಎಲ್ಲದರಲ್ಲೂ ದೋಷವಿದೆ, ಆದರೂ ಒಂದನ್ನು ಆರಿಸಲೇಬೇಕು ಎಂದ. ಮೊದಲೆರಡು ಓಮ್‌ಸ್ಟೆಡ್‌ನ ತತ್ತ್ವಕ್ಕೇ ವಿರುದ್ಧ. ಮೊದಲು ಬಂದವರಿಗೆ ಎಂಬುದು ನ್ಯಾಯವಾಗಿ ತೋರುತ್ತದೆ. ಬಂಡೆ ಹತ್ತುವವರ ನೆಚ್ಚಿನ ಕ್ಯಾಂಪ್ 4ರಲ್ಲಿ ದಶಕಗಳ ಕಾಲ ಜನ ನಸುಕಿಗೇ ಎದ್ದು ಸಾಲು ನಿಲ್ಲುತ್ತಿದ್ದರು. ಆದರೆ ಸಾಲು ಕೇಳುವುದು ಬಿಡುವನ್ನು, ಮತ್ತು ಬಿಡುವು ಎಲ್ಲರಿಗೂ ಸಮನಾಗಿ ಸಿಕ್ಕಿರುವುದಿಲ್ಲ. ಅಂತರ್ಜಾಲದಲ್ಲಿ ತಿಂಗಳುಗಳ ಮೊದಲೇ ಗೊತ್ತಾದ ದಿನ ಬೆಳಿಗ್ಗೆ ಏಳಕ್ಕೆ ಕಾದಿರಿಸುವಿಕೆ ತೆರೆದಾಗ ಬೇಸಿಗೆಯ ಜಾಗಗಳು ನಿಮಿಷಗಳಲ್ಲಿ ಮುಗಿಯುತ್ತವೆ. ಆ ಹೊತ್ತಿಗೆ ಕೆಲಸದ ಪಾಳಿಯಲ್ಲಿರುವವನಿಗೆ, ರಜೆ ಯಾವಾಗ ಸಿಕ್ಕೀತೆಂದು ಐದು ತಿಂಗಳ ಮೊದಲೇ ತಿಳಿಯದವನಿಗೆ ಬಾಗಿಲು ತೆರೆದೂ ಮುಚ್ಚಿದಂತೆಯೇ.

ಹಾಫ್ ಡೋಮ್ ಶಿಖರದ ಉಕ್ಕಿನ ಹಗ್ಗ ಹಿಡಿದು ಹತ್ತುವವರನ್ನು ಈಗ ಚೀಟಿ ಎತ್ತಿ ಆರಿಸಲಾಗುತ್ತದೆ. ಪವಿತ್ರವೆಂದು ತಿಳಿದ ಅನುಭವವನ್ನು ಅದೃಷ್ಟಕ್ಕೆ ಬಿಡುವುದು ಕೆಲವರಿಗೆ ಅವಮಾನವೆನಿಸುತ್ತದೆ. ವಿಚಾರ ಮಾಡಿದರೆ ಎಲ್ಲ ವಿಧಾನಗಳಲ್ಲಿ ಅತಿ ವಿನಯದ್ದು ಇದೇ. ನಿನ್ನ ಹಣ, ಬಿಡುವು, ಚುರುಕು, ಭಕ್ತಿ ಯಾವುದೂ ಇನ್ನೊಬ್ಬನಿಗಿಂತ ಹೆಚ್ಚಿನ ಹಕ್ಕನ್ನು ನಿನಗೆ ಕೊಡುವುದಿಲ್ಲ ಎಂದು ಅದು ಮುಖಕ್ಕೆ ಹೇಳುತ್ತದೆ. ಸೋತವನ ಮೇಲೂ ಒಂದು ಕರ್ತವ್ಯ ಬೀಳುತ್ತದೆ: ಬಂದಿಲ್ಲದ ವರ್ಷವನ್ನು ತನ್ನ ಪಾಲಿನ ಕೊಡುಗೆ ಎಂದು ಒಪ್ಪುವುದು. ಹಾರ್ಡಿನ್‌ನ ವಾದಕ್ಕೆ ಎಲಿನರ್ ಆಸ್ಟ್ರಮ್ 1990ರಲ್ಲಿ ಕೊಟ್ಟ ಉತ್ತರ, ಜನ ತಾವೇ ನಿಯಮ ಮಾಡಿಕೊಂಡು ಸಾಮೂಹಿಕ ಸಂಪತ್ತನ್ನು ಶತಮಾನಗಳ ಕಾಲ ಕಾಪಾಡಿದ್ದಾರೆಂಬುದು. ಆದರೆ ಅವಳ ಉದಾಹರಣೆಗಳ ಸ್ವಿಸ್ ಹಳ್ಳಿಗರು ತಲೆತಲಾಂತರದ ನೆರೆಹೊರೆಯವರು. ಬಿಡಾರತಾಣದಲ್ಲಿ ಇರುವವರು ಮೂರು ರಾತ್ರಿಯ ನೆರೆಯವರು, ಮತ್ತೆ ಭೇಟಿಯಾಗುವ ಭರವಸೆಯೇ ಇಲ್ಲ. ಆದರೂ ಬಹುಪಾಲು ರಾತ್ರಿಗಳು ಜಗಳವಿಲ್ಲದೆ ಕಳೆಯುತ್ತವೆ ಎಂಬುದು ಮನುಷ್ಯಸ್ವಭಾವದ ಬಗ್ಗೆ ಹಾರ್ಡಿನ್ ಊಹಿಸಿದ್ದಕ್ಕಿಂತ ಒಳ್ಳೆಯ ಸುದ್ದಿ.

ಇಷ್ಟೆಲ್ಲ ಹಂಚಿಕೆಯ ಲೆಕ್ಕದಲ್ಲಿ ಸೇರದೆ ಹೋದವರು ಅಹ್ವಾನೀಚೀ ಜನ. ಕಣಿವೆ ಅವರ ಊರು. 1851ರಲ್ಲಿ ಚಿನ್ನದ ಹಪಾಹಪಿಯ ಕಾಲದಲ್ಲಿ ಮಾರಿಪೋಸಾ ಬೆಟಾಲಿಯನ್ ಒಳನುಗ್ಗಿ ಹಟ್ಟಿಗಳಿಗೆ ಬೆಂಕಿಯಿಟ್ಟು ನಾಯಕ ಟೆನಾಯಾನನ್ನೂ ಅವನ ಜನರನ್ನೂ ಅಟ್ಟಿತು. ಕೆಲವರು ಮರಳಿ ಬಂದರು. ಉದ್ಯಾನದ ಆಡಳಿತದಲ್ಲಿ ಕೂಲಿ ಮಾಡಿಕೊಂಡು ಉಳಿದವರ ಕೊನೆಯ ಹಟ್ಟಿಯನ್ನು 1969ರಲ್ಲಿ ತೆರವುಗೊಳಿಸಲಾಯಿತು. ಮ್ಯೂರ್ ದೇವರ ಕೈಕೆಲಸವೆಂದು ಕಂಡ ತೆರೆದ ಹುಲ್ಲುಗಾವಲು, ಕಪ್ಪು ಓಕ್ ತೋಪುಗಳಲ್ಲಿ ಈ ಜನರ ಕೈಕೆಲಸವೂ ಇತ್ತು. ಓಕ್ ಕಾಯಿಯ ಹಿಟ್ಟು ಅವರ ಆಹಾರ. ಅದಕ್ಕಾಗಿ ಅವರು ಕಾಲಕಾಲಕ್ಕೆ ಸಣ್ಣ ಬೆಂಕಿ ಹಚ್ಚಿ ನೆಲ ಹಸನು ಮಾಡುತ್ತಿದ್ದರು. ಅವರು ಹೋದ ಮೇಲೆ ಬಯಲಿಗೆ ಸೂಚಿಪರ್ಣಿ ಮರಗಳು ನುಗ್ಗಿದವು. ಜನರಿಲ್ಲದ ಪವಿತ್ರ ಕಾಡು ಎಂಬ ಕಲ್ಪನೆಯೇ ಜನರನ್ನು ಹೊರದಬ್ಬಿದ ಮೇಲೆ ಹುಟ್ಟಿದ್ದು ಎಂದು ಇತಿಹಾಸಕಾರ ವಿಲಿಯಂ ಕ್ರೋನನ್ 1995ರಲ್ಲಿ ತೋರಿಸಿದ. ಅದಕ್ಕೂ ಮೊದಲೇ, 1989ರಲ್ಲಿ, ಬೆಂಗಳೂರಿನಲ್ಲಿ ನೆಲೆಸಿರುವ ರಾಮಚಂದ್ರ ಗುಹಾ ಈ ಕಲ್ಪನೆಯನ್ನು ಭಾರತಕ್ಕೆ ತಂದಾಗ ಅದರ ಭಾರ ಬಡವರ ಮೇಲೆ ಬೀಳುತ್ತದೆಂದು ಬರೆದಿದ್ದರು. ನಾಗರಹೊಳೆಯ ಜೇನು ಕುರುಬರು ಅದನ್ನು ಪುಸ್ತಕ ಓದದೆಯೇ ಬಲ್ಲರು. ಬಿಡಾರದವನು ಪಕ್ಕದ ಟೆಂಟಿನವನನ್ನು ತನ್ನ ಏಕಾಂತಕ್ಕೆ ಅಡ್ಡಿಯೆಂದು ಬಗೆಯುವ ಮುನ್ನ, ಆ ಏಕಾಂತಕ್ಕಾಗಿ ಯಾರನ್ನು ಮೊದಲು ಅಡ್ಡಿಯೆಂದು ತೆಗೆದುಹಾಕಲಾಯಿತು ಎಂಬುದನ್ನು ತಿಳಿದಿರಬೇಕು.

ಕಣಿವೆಯಾಚೆ, ಉದ್ಯಾನದ ಶೇಕಡಾ 90ಕ್ಕೂ ಹೆಚ್ಚು ಭಾಗ 1964ರ ವನ್ಯಪ್ರದೇಶ ಕಾಯಿದೆಯ ರಕ್ಷಣೆಯಲ್ಲಿದೆ. ಏಕಾಂತಕ್ಕೆ ಅವಕಾಶ ಇರಬೇಕೆಂದು ಆ ಕಾನೂನೇ ಹೇಳುತ್ತದೆ. ಅಲ್ಲಿಗೆ ಒಂದೊಂದು ಕಾಲುದಾರಿಯಿಂದ ದಿನಕ್ಕೆ ಇಷ್ಟೇ ಜನ ಹೊರಡಬಹುದೆಂದು ಮಿತಿಯಿದೆ. ಒಮ್ಮೆ ಒಳಹೊಕ್ಕ ಮೇಲೆ ಎಲ್ಲಿ ತಂಗಬೇಕೆಂಬುದು ಬಹುಮಟ್ಟಿಗೆ ಅವರವರಿಗೆ ಬಿಟ್ಟದ್ದು. ಕಣಿವೆಯಲ್ಲಿ ಇಂಥ ಸಂಖ್ಯೆ ಗೊತ್ತುಮಾಡುವುದು ಸುಲಭವಾಗಲಿಲ್ಲ. ಮರ್ಸೆಡ್ ನದಿಗೆ ಸಂರಕ್ಷಿತ ನದಿಯ ಸ್ಥಾನ ಸಿಕ್ಕಿದ್ದು 1987ರಲ್ಲಿ. ಎಷ್ಟು ಜನರಿಗೆ ಅವಕಾಶ ಎಂಬುದನ್ನು ನದಿಯ ಯೋಜನೆ ಖಚಿತವಾಗಿ ಹೇಳಲೇಬೇಕೆಂದು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಒತ್ತಿಹೇಳಿತು. ಮಣ್ಣು, ನೀರು, ಮರಗಳು ಎಷ್ಟನ್ನು ತಾಳಿಯಾವು ಎಂಬುದನ್ನು ವಿಜ್ಞಾನ ಅಳೆಯಬಹುದು. ಎಷ್ಟು ಜನರ ನಡುವೆ ಕುಳಿತರೂ ಬಂಡೆಯ ಎದುರು ಮನಸ್ಸು ನಿಲ್ಲಬಲ್ಲದು ಎಂಬುದು ಅಳತೆಗೆ ಸಿಗುವಂಥದ್ದಲ್ಲ. ಅದನ್ನು ಜನ ಕೂಡಿ ತೀರ್ಮಾನಿಸಬೇಕು, ಮತ್ತು ಆ ತೀರ್ಮಾನದಲ್ಲಿ ಪಾಲ್ಗೊಳ್ಳಬೇಕಾದವರಲ್ಲಿ ಹಲವರು ಇನ್ನೂ ಹುಟ್ಟಿಲ್ಲ. 1997ರ ಜನವರಿಯಲ್ಲಿ ಮರ್ಸೆಡ್ ಉಕ್ಕಿ ಹರಿದು ದಡದ ಎರಡು ಬಿಡಾರತಾಣಗಳನ್ನು ಹಾಳುಗೆಡವಿದಾಗ ಅವನ್ನು ಮತ್ತೆ ಕಟ್ಟಬೇಕೆಂದು, ಕೂಡದೆಂದು ವರ್ಷಗಟ್ಟಲೆ ವಾದ ನಡೆಯಿತು. ಕಳೆದುಹೋದ ಜಾಗಗಳಲ್ಲಿ ಬಾಲ್ಯದ ಬೇಸಿಗೆಗಳನ್ನು ಕಳೆದವರ ದುಃಖ ನಿಜವಾದದ್ದು, ಪ್ರವಾಹದ ಬಯಲು ನದಿಯ ಪಾಲು ಎಂದವರ ಮಾತೂ ನಿಜ. ಆ ದಡ ನದಿಗೇ ಉಳಿಯಿತು.